ಸಹಿ ಯಾರದ್ದು, ಅಕ್ಕಿ ಯಾರದ್ದು

ಅಡಿಕೆ ರೇಟು ಕುಸಿದ ದಿನ ನಮ್ಮ ಸಾಗರದ ಕಡೆ ಭೂತಾನ್ ಹೆಸರು ಕೇಳದ ಮನೆ ಇರುವುದಿಲ್ಲ. ನಕಾಶೆಯಲ್ಲಿ ಭೂತಾನ್ ತೋರಿಸು ಅಂದರೆ ತಡಬಡಾಯಿಸುವವರೂ ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಬಿಟ್ಟಿದ್ದಾರೆ ಅಂತ ಬಾಯಿಪಾಠ ಹೇಳುತ್ತಾರೆ. 2022ರಲ್ಲಿ ಕೇಂದ್ರ ಸರ್ಕಾರ ಕೊಟ್ಟ ಅನುಮತಿ ಅದು. ಇಷ್ಟಕ್ಕಿಂತ ಕಡಿಮೆ ಬೆಲೆಗೆ ತರಿಸಬಾರದು ಎನ್ನುವ ಕನಿಷ್ಠ ಆಮದು ಬೆಲೆಯ ಷರತ್ತೂ ಅದಕ್ಕಿಲ್ಲ. ಎರಡು ದೇಶಗಳು ಮಾತಾಡಿಕೊಂಡರೆ ನಮ್ಮ ಅಟ್ಟದ ಮೇಲಿನ ಮೂಟೆಗೆ ಯಾಕೆ ಬಿಸಿ ತಟ್ಟಬೇಕು ಅಂತ ಅಪ್ಪ ಪ್ರತಿ ಸಲ ಕೇಳುತ್ತಾರೆ.

ಈ ಪ್ರಶ್ನೆಗೆ ಹಳೆಯ ಉತ್ತರಗಳು ಘಟ್ಟದ ಕೆಳಗೆ ಸಿಗಬಹುದು ಅಂತ ನನಗೆ ಮೊದಲಿಂದ ಅನುಮಾನ. ಮಂಗಳೂರು, ಉಡುಪಿ ಕಡೆಯ ಗದ್ದೆಗಳು ಪೋರ್ಚುಗೀಸರ ಕಾಲದಿಂದ ಯಾರ್ಯಾರದೋ ಒಪ್ಪಂದಕ್ಕೆ ಅಕ್ಕಿ ಬೆಳೆದು ಕೊಟ್ಟಿವೆ. ಅಕ್ಕನನ್ನು ಕೊಟ್ಟಿದ್ದು ಬ್ರಹ್ಮಾವರದ ಹತ್ತಿರ. ಭಾವನಿಗೆ ಮಂಗಳೂರಿನಲ್ಲಿ ಬ್ಯಾಂಕ್ ಕೆಲಸ. "ಡಿಸೆಂಬರಲ್ಲಿ ಬಾ ಮಾರಾಯ, ಸೆಕೆ ಕಡಿಮೆ ಉಂಟು, ತಿರುಗುವ" ಅಂದರು. ಹೊರಟೆ.

ಶುಕ್ರವಾರ, ಮಂಗಳೂರು

ಸೆಕೆ ಕಡಿಮೆ ಅಂದಿದ್ದು ಶುದ್ಧ ಸುಳ್ಳು. ಬೆಳಿಗ್ಗೆ ಒಂಬತ್ತಕ್ಕೇ ಅಂಗಿ ಬೆನ್ನಿಗೆ ಅಂಟಿತ್ತು. ಬನ್ಸ್ ತಿಂದು ಸೀದಾ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದೆವು. ಗುರುಪುರ ನದಿಯ ದಡದಲ್ಲಿ ಕಪ್ಪು ಕಲ್ಲಿನ ಸಣ್ಣ ಕಾವಲು ಗೋಪುರ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಮೇಲೆ ಹತ್ತಿ ಕಿಂಡಿಯಲ್ಲಿ ಇಣುಕಿದರೆ ನದಿ, ಆಚೆ ತಣ್ಣೀರುಬಾವಿಗೆ ಹೋಗುವ ದೋಣಿ, ಸೆಲ್ಫಿ ತೆಗೆಯುವ ಕಾಲೇಜು ಮಕ್ಕಳು.

ಅದೇ ವರ್ಷ ಮಾರ್ಚ್ 11ರಂದು ಇದೇ ಊರಿನಲ್ಲಿ ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಮಂಗಳೂರು ಒಪ್ಪಂದ ಆಯಿತು. ಎರಡನೇ ಮೈಸೂರು ಯುದ್ಧ ಮುಗಿದಿದ್ದು ಹಾಗೆ. ಮಂಗಳೂರಿನ ಕೋಟೆಯೊಳಗೆ ಕಂಪನಿ ಸೈನ್ಯ, ಹೊರಗೆ ಟಿಪ್ಪು. ತಿಂಗಳುಗಟ್ಟಲೆ ಮುತ್ತಿಗೆ. ಟಿಪ್ಪು ಜೊತೆ ಫ್ರೆಂಚರೂ ಇದ್ದರು. ಯುರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ರಾಜಿ ಆಯಿತು ಎಂಬ ಸುದ್ದಿ ಬಂದಿದ್ದೇ ತಡ, ಅವರು ಕೈ ಎತ್ತಿಬಿಟ್ಟರು. ಎಲ್ಲೋ ಸಮುದ್ರದಾಚೆ ಒಂದು ಕಾಗದ, ಇಲ್ಲಿ ಫಿರಂಗಿ ಬಂದ್. ಕೊನೆಗೆ ಕೋಟೆಯೊಳಗಿನವರು ಹಸಿವು ತಡೆಯಲಾರದೆ 1784ರ ಜನವರಿಯಲ್ಲಿ ಶರಣಾದರು. ಒಪ್ಪಂದ ಬರೆದುಕೊಳ್ಳಲು ಕಂಪನಿಯ ಪ್ರತಿನಿಧಿಗಳು ಮದರಾಸಿನಿಂದ ಟಿಪ್ಪು ಇದ್ದಲ್ಲಿಗೇ ಬರಬೇಕಾಯಿತು. ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೆ ಇದು ದೊಡ್ಡ ಅವಮಾನವಾಗಿ ಕಂಡಿತು.

ಒಪ್ಪಂದದ ಸಾರ ಇಷ್ಟೇ: ಗೆದ್ದಿದ್ದನ್ನು ಪರಸ್ಪರ ವಾಪಸ್ ಕೊಡಿ, ಯುದ್ಧಕ್ಕೆ ಮೊದಲು ಇದ್ದ ಹಾಗೆ ಇರಿ. ಕೇಳಲು ಚಂದ. ಆದರೆ ಗದ್ದೆಗಳು ಮೊದಲಿನ ಹಾಗೆ ಇರಲಿಲ್ಲ. ಸಹಿಗೆ ಎರಡು ವಾರ ಮೊದಲು, ಫೆಬ್ರವರಿ 24ರಂದು, ಟಿಪ್ಪು ಕೆನರಾದ, ಅಂದರೆ ಈ ಕರಾವಳಿ ಸೀಮೆಯ, ಕ್ಯಾಥೊಲಿಕರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲು ಶುರು ಮಾಡಿದ್ದ. ಕಂಪನಿಗೆ ಸಹಾಯ ಮಾಡಿದರು ಎಂಬುದು ಆರೋಪ. ಹತ್ತಾರು ಸಾವಿರ ಜನ ಘಟ್ಟ ಹತ್ತಿದರು. ತುಂಬಾ ಜನ ಮರಳಲೇ ಇಲ್ಲ. ಟಿಪ್ಪು ಬಗ್ಗೆ ಜಗಳ ಮಾಡಲು ಬೇರೆ ಜಾಗ ಬೇಕಾದಷ್ಟಿವೆ. ನನಗೆ ಕುತೂಹಲ ಇದ್ದದ್ದು ಅವರು ಬಿಟ್ಟುಹೋದ ಗದ್ದೆಗಳ ಬಗ್ಗೆ. 1799ರಲ್ಲಿ ಟಿಪ್ಪು ಸತ್ತ ನಂತರ ಬದುಕುಳಿದವರು ವಾಪಸ್ ಬಂದಾಗ ಭೂಮಿ ಬೇರೆಯವರ ಕೈಯಲ್ಲಿತ್ತು. ಉತ್ತವರೂ ಇಲ್ಲಿಯವರೇ, ಬಂದವರೂ ಇಲ್ಲಿಯವರೇ. ಮೊದಲಿನ ಹಾಗೆ ಇರಿ ಅಂದರೆ ಯಾರು ಯಾರ ಗದ್ದೆಯಿಂದ ಏಳಬೇಕು?

ಮಧ್ಯಾಹ್ನ ಊಟಕ್ಕೆ ಹಂಪನಕಟ್ಟೆ. ಕುಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ. ಪಕ್ಕದಲ್ಲೇ ಮಿಲಾಗ್ರಿಸ್ ಚರ್ಚ್. 1680ರಲ್ಲಿ ಮೊದಲು ಕಟ್ಟಿದ್ದು, ಜಾಗ ಕೊಟ್ಟಿದ್ದು ನಮ್ಮ ಕೆಳದಿ ರಾಣಿ ಚೆನ್ನಮ್ಮ. ನಮ್ಮ ಊರಿಂದ ಕೆಳದಿ ಸೈಕಲ್ಲಿನಲ್ಲಿ ಹೋಗುವಷ್ಟು ದೂರ, ಹಾಗಾಗಿ "ನಮ್ಮ" ಎನ್ನುವ ಹಕ್ಕು ನನಗಿದೆ. ಅದಕ್ಕೆ ಎರಡು ವರ್ಷ ಮೊದಲು, 1678ರಲ್ಲಿ, ಕೆಳದಿಯವರು ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಪೋರ್ಚುಗೀಸರಿಗೆ ಮಂಗಳೂರಿನಲ್ಲಿ ಕೋಠಿ (ವ್ಯಾಪಾರದ ಮಳಿಗೆ) ಹಾಕಲು, ಕಲ್ಯಾಣಪುರ, ಭಟ್ಕಳದಂಥ ಕಡೆ ಚರ್ಚ್ ಕಟ್ಟಲು ಒಪ್ಪಿಗೆ.

"ಕೆಳದಿಯವರು ಪಾಪದವರು, ಕೇಳಿದ ಕೂಡಲೇ ಕೊಟ್ಟರು ಅಂತ ಮಾಡಬೇಡ" ಅಂದರು ಭಾವ. "ಪೋರ್ಚುಗೀಸರ ಗೋವೆಗೆ ಉಣ್ಣಲು ಅಕ್ಕಿ ಬೇಕಿತ್ತು. ಅಕ್ಕಿ ಇದ್ದದ್ದು ಇಲ್ಲಿ. ಸಹಿ ಯಾರದ್ದು ಅಂತ ನೋಡಬೇಡ ಮಾರಾಯ, ಅಕ್ಕಿ ಯಾರದ್ದು ಅಂತ ನೋಡು."

ಮಾತು ಸರಿ. ಪೋರ್ಚುಗೀಸರು 16ನೇ ಶತಮಾನದಲ್ಲಿ ಮಂಗಳೂರು, ಬಾರಕೂರು, ಬಸ್ರೂರಿನವರಿಂದ ಕಪ್ಪ ಅಂತ ಕೇಳುತ್ತಿದ್ದದ್ದು ಚಿನ್ನಕ್ಕಿಂತ ಜಾಸ್ತಿ ಅಕ್ಕಿಯನ್ನೇ. ಆಮೇಲೆ ತಲಶ್ಶೇರಿಯಲ್ಲಿ ಕೋಠಿ ಹಾಕಿದ ಇಂಗ್ಲಿಷರೂ ಮಂಗಳೂರಿನ ಅಕ್ಕಿಗೇ ಕಣ್ಣು ಹಾಕಿದರು. ಮಲಬಾರಿನಲ್ಲಿ ಮೆಣಸು ದಂಡಿಯಾಗಿತ್ತು, ಊಟಕ್ಕೆ ಅಕ್ಕಿ ಸಾಲುತ್ತಿರಲಿಲ್ಲ. ಇನ್ನು ಕೆಳದಿ ಅರಸರ ಕಡೆಯಿಂದ ನೋಡಿದರೆ, ಗೋವೆಯಿಂದ ಬಂದ ಕ್ರೈಸ್ತ ಕುಟುಂಬಗಳು ಒಳ್ಳೆಯ ಬೇಸಾಯಗಾರರು. ಬೀಳು ಬಿದ್ದ ಜಾಗ ಹಸನು ಮಾಡಿದರೆ ಕಂದಾಯ ಬರುತ್ತದೆ. ಭೂಮಿ ಕೊಟ್ಟು ಕೂರಿಸಿದರು. ಕರಾವಳಿಯಲ್ಲಿ ಕೊಂಕಣಿ ಮಾತಾಡುವ ರೈತ, ತುಳು ಮಾತಾಡುವ ಆಳು, ಕನ್ನಡದಲ್ಲಿ ಕಾಗದಪತ್ರ ಒಂದೇ ಬೈಲಿನಲ್ಲಿ ಸೇರಿದ್ದರ ಹಿಂದೆ ಈ ಲೆಕ್ಕಾಚಾರವೂ ಇದೆ.

ಸಂಜೆ ಬಾವುಟಗುಡ್ಡೆ. ಇಲ್ಲಿ 2022ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಲ್ಲಿಸಿದ್ದಾರೆ. 1837ರ ಏಪ್ರಿಲ್ 5ರಂದು ಅಮರ ಸುಳ್ಯದ ಕಡೆಯಿಂದ ಹೊರಟ ರೈತರು ಈ ಗುಡ್ಡದ ಮೇಲೆ ಕಂಪನಿಯ ಬಾವುಟ ಇಳಿಸಿ ತಮ್ಮದು ಹಾರಿಸಿದರು. 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಸಿಟ್ಟಿನ ಬೇರು ಮತ್ತೆ ಭೂಮಿ ಕೈಬದಲಾದದ್ದರಲ್ಲಿ. ಸುಳ್ಯ, ಪುತ್ತೂರು, ಬೆಳ್ಳಾರೆ ಕಡೆಯ ಮಾಗಣೆಗಳು (ಹಳ್ಳಿಗಳ ಗುಂಪುಗಳು) ಕೊಡಗಿನ ರಾಜರ ಕೈಯಲ್ಲಿದ್ದವು. ಕಂಪನಿಯ ಜೊತೆ ನಿಂತದ್ದಕ್ಕೆ ಸಿಕ್ಕಿದ ಬಳುವಳಿ. 1834ರಲ್ಲಿ ಕಂಪನಿ ಕೊಡಗನ್ನೇ ನುಂಗಿತು, ಈ ಮಾಗಣೆಗಳನ್ನು ಕೆನರಾಕ್ಕೆ ಸೇರಿಸಿತು. ಅಲ್ಲಿಯವರೆಗೆ ಭತ್ತದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ಹಣದಲ್ಲಿ ಕೊಡಿ ಅಂದರು. ಕಾಗದದ ಮೇಲೆ ಸಣ್ಣ ತಿದ್ದುಪಡಿ. ಆದರೆ ರೈತನಿಗೆ ಹಣ ಬೇಕಾದರೆ ಕೊಯ್ಲಿನ ಹೊತ್ತಿಗೆ, ರೇಟು ನೆಲಕಚ್ಚಿದಾಗ, ವ್ಯಾಪಾರಿಯ ಮುಂದೆ ಹೋಗಿ ನಿಲ್ಲಬೇಕು. ಅಡಿಕೆ ಮಾರುವ ನಮಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಶನಿವಾರ, ಬಂದರ್

ಮಂಗಳೂರಿನ ಬಂದರ್‌ನ ಗಲ್ಲಿಗಳಲ್ಲಿ ಒಣಮೀನು, ಮೆಣಸಿನಕಾಯಿ, ಅಡಿಕೆ ವಾಸನೆ ಒಟ್ಟೊಟ್ಟಿಗೆ ಮೂಗಿಗೆ ಹೊಡೆಯುತ್ತದೆ. ಭಾವನ ಪರಿಚಯದವರ ಅಡಿಕೆ ಅಂಗಡಿಯಲ್ಲಿ ಕೂತೆವು. ನಮ್ಮಲ್ಲಿ ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪು ಮಾಡುತ್ತೇವೆ. ರಾಶಿ, ಬೆಟ್ಟೆ, ಗೊರಬಲು ಅಂತ ಲೆಕ್ಕ. ಇಲ್ಲಿ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿ ಆಮೇಲೆ ಸುಲಿಯುವ ಚಾಲಿ. ಅಂಗಡಿಯವರು ಗೋಣಿಯಿಂದ ಒಂದು ಅಡಿಕೆ ತೆಗೆದು ಕತ್ತರಿಯಲ್ಲಿ ಎರಡು ಹೋಳು ಮಾಡಿ ಅಂಗೈ ಮೇಲಿಟ್ಟರು. ಒಳಗೆ ಕಂದು ಬಣ್ಣದ ಗೆರೆ, ನಡುವೆ ಬಿಳಿ. "ಇದು ನಮ್ಮದು." ಇನ್ನೊಂದು ಕತ್ತರಿಸಿದರು. ಗೆರೆ ಮಂಕು, ನಡುವೆ ಟೊಳ್ಳು. "ಇದು ಎಲ್ಲಿಯದ್ದು ಅಂತ ನಾನು ಹೇಳುವುದಿಲ್ಲ, ನೀವೂ ಕೇಳಬೇಡಿ" ಅಂತ ನಕ್ಕರು.

ಇಡೀ ವ್ಯಾಪಾರ ಒಪ್ಪಂದಗಳ ಬಲೆಯಲ್ಲಿ ಸಿಕ್ಕಿಕೊಂಡಿದೆ. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರಲ್ಲಿ ಸಹಿ ಬಿತ್ತು, 2000ದಲ್ಲಿ ಜಾರಿಗೆ ಬಂತು. ಸಾರ್ಕ್ ದೇಶಗಳದ್ದು, ಆಸಿಯಾನ್ ದೇಶಗಳದ್ದು ಬೇರೆ. ಇಂಥ ಒಪ್ಪಂದದ ಪ್ರಕಾರ ಆ ದೇಶದಲ್ಲಿ ಬೆಳೆದ ಮಾಲಿಗೆ ಸುಂಕದಲ್ಲಿ ರಿಯಾಯಿತಿ. ತಕರಾರು ಇರುವುದು "ಆ ದೇಶದಲ್ಲಿ ಬೆಳೆದ" ಎನ್ನುವಲ್ಲಿ. ವಿಯೆಟ್ನಾಮಿನ ಕಾಳುಮೆಣಸು ಶ್ರೀಲಂಕಾದ ಚೀಟಿ ಅಂಟಿಸಿಕೊಂಡು ಬರುತ್ತಿದೆ ಅಂತ ಬೆಳೆಗಾರರು ಬೊಬ್ಬೆ ಹಾಕಿದ ಮೇಲೆ 2017ರ ಡಿಸೆಂಬರಿನಲ್ಲಿ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಬಂತು. ಅಡಿಕೆಯದ್ದನ್ನು 2023ರಲ್ಲಿ 251ರಿಂದ 351 ರೂಪಾಯಿಗೆ ಏರಿಸಿದರು. ಒಂದು ಕೈಯಲ್ಲಿ ಬಾಗಿಲು ತೆರೆದು ಇನ್ನೊಂದು ಕೈಯಲ್ಲಿ ಚಿಲಕ ಹಾಕಿದ ಹಾಗೆ.

ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ 1973ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ್ದು. ಬೆಲೆ ಬಿದ್ದು ರೈತರು ಕಂಗಾಲಾಗಿದ್ದ ಕಾಲ. ಈಗ ಭಾವನ ಊರಿನ ಮೇಲಿನ ಗದ್ದೆಗಳೆಲ್ಲ ತೋಟವಾಗುತ್ತಿವೆ. ಭತ್ತಕ್ಕೆ ಇಲ್ಲದ ರಕ್ಷಣೆ ಅಡಿಕೆಗೆ ಇದೆ ಅಂತ ಜನ ನಂಬಿದ್ದಾರೆ. ಆ ನಂಬಿಕೆ ಎಷ್ಟು ದಿನ ತಡೆಯುತ್ತದೋ.

ಭಾನುವಾರ, ಕಲ್ಯಾಣಪುರ, ಬ್ರಹ್ಮಾವರ

ಬೆಳಿಗ್ಗೆ ಬಸ್ಸಿನಲ್ಲಿ ಉಡುಪಿ ದಾಟಿ ಸಂತೆಕಟ್ಟೆಯಲ್ಲಿ ಇಳಿದೆವು. ಕಲ್ಯಾಣಪುರದ ಮಿಲಾಗ್ರಿಸ್ ಚರ್ಚ್ ಆ 1678ರ ಒಪ್ಪಂದದ ಕೂಸು. ಪೂಜೆ ಬಿಡುವ ಹೊತ್ತು, ಜನ ಜಾಸ್ತಿ. ಸುಮ್ನೆ ಒಂದು ಸುತ್ತು ಹಾಕಿ ಹೊರಟೆವು.

ಅಕ್ಕನ ಮನೆ ಬೈಲಿನ ಅಂಚಿನಲ್ಲಿದೆ. ಈ ಕಡೆ ಗದ್ದೆಗಳಲ್ಲಿ ಮೂರು ಜಾತಿ. ಕೆಳಗಿನ ನೀರಿರುವ ಗದ್ದೆ ಬೈಲು, ಮೂರು ಬೆಳೆ ಬರುತ್ತದೆ. ನಡುವಿನದ್ದು ಮಜಲು, ಎರಡು ಬೆಳೆ. ಮೇಲಿನದ್ದು ಬೆಟ್ಟು, ಮಳೆ ನಂಬಿ ಒಂದೇ ಬೆಳೆ. ಗದ್ದೆಯ ಮೇಲಿನ ಗುಡ್ಡ ಕುಮ್ಕಿ. ವರ್ಗ ಜಾಗದ (ಕಂದಾಯ ಕಟ್ಟುವ ಸ್ವಂತ ಹಿಡುವಳಿಯ) ಗಡಿಯಿಂದ 100 ಗಜದವರೆಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ತರಗೆಲೆ, ಕಟ್ಟಿಗೆ ತರುವ ಹಕ್ಕು ವರ್ಗದಾರನಿಗೆ. ನಮ್ಮಲ್ಲಿ ತೋಟಕ್ಕೆ ಸೊಪ್ಪಿನ ಬೆಟ್ಟ ಇದೆಯಲ್ಲ, ಅದರ ದಾಯಾದಿ ಅನ್ನಬಹುದು. ಆದರೆ ಕಾನೂನು ಪೂರ್ತಿ ಬೇರೆ.

ಯಾಕೆ ಬೇರೆ? ಇದನ್ನು ಹುಡುಕುತ್ತಾ ಹೋದರೆ ಮತ್ತೆ ಒಂದು ಒಪ್ಪಂದ ಎದುರಾಗುತ್ತದೆ. ಕೆಳದಿ ಅರಸರ ಕಾಲದಲ್ಲಿ ಸಾಗರವೂ ಬ್ರಹ್ಮಾವರವೂ ಒಂದೇ ರಾಜ್ಯ. 1763ರಲ್ಲಿ ಹೈದರಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ ಮೇಲೂ ಒಟ್ಟಿಗೇ ಇದ್ದವು. 1799ರಲ್ಲಿ ಟಿಪ್ಪು ಸತ್ತ ಮೇಲೆ, ಜೂನ್ 22ರಂದು, ಗೆದ್ದವರು ಕೂತು ಹಂಚಿಕೆ ಒಪ್ಪಂದ ಬರೆದರು. ಕೆನರಾ ಕಂಪನಿಗೆ, ಘಟ್ಟದ ಮೇಲಿನ ನಗರ ಸೀಮೆ ಮೈಸೂರಿನ ಒಡೆಯರಿಗೆ. ಗೆರೆ ಬಿದ್ದದ್ದು ಘಟ್ಟದ ನೆತ್ತಿಯ ಮೇಲೆ. ಅಲ್ಲಿಂದ 1956ರವರೆಗೆ ಅಕ್ಕನ ಗಂಡನ ಮನೆಯವರು ಮದರಾಸಿನವರು, ನಾವು ಮೈಸೂರಿನವರು. ಕೆನರಾಕ್ಕೆ ಮೊದಲ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೊ ಇಲ್ಲಿ ಜನ ಭೂಮಿಯನ್ನು ಹಿಂದಿನಿಂದಲೂ ಮಾರುತ್ತಾ, ಅಡವಿಡುತ್ತಾ ಬಂದಿದ್ದಾರೆ, ಇದು ಖಾಸಗಿ ಆಸ್ತಿಯೇ ಅಂತ ವರದಿ ಬರೆದ. ಇಲ್ಲಿನ ಮಳೆ ಅವನಿಗೆ ಆಗಿಬರಲಿಲ್ಲ, 1800ರಲ್ಲೇ ಬಳ್ಳಾರಿ ಕಡೆ ಹೋದ. ಆದರೆ ವರ್ಗ, ಮೂಲಗೇಣಿ, ಚಾಲಗೇಣಿ ಎಂಬ ಇಲ್ಲಿನ ಪದ್ಧತಿಗಳು ಮದರಾಸಿನ ಕಡತಕ್ಕೆ ಸೇರಿ ಗಟ್ಟಿಯಾದವು.

ಭಾವನ ಅಜ್ಜ ಚಾಲಗೇಣಿ ಒಕ್ಕಲು. ಮೂಲಗೇಣಿಯಾದರೆ ಗೇಣಿ ಖಾಯಂ, ಎಬ್ಬಿಸುವ ಹಾಗಿಲ್ಲ. ಚಾಲಗೇಣಿಯಲ್ಲಿ ಧನಿಗಳು ಬೇಕಾದಾಗ ಗೇಣಿ ಏರಿಸಬಹುದು, ಬೇಡವಾದರೆ ಎಬ್ಬಿಸಬಹುದು. ಭಾವನ ತಾಯಿ ಜಗಲಿಯಲ್ಲಿ ಕೂತು ಮುಡಿ ಕಟ್ಟುವುದನ್ನು ಕೈಯಲ್ಲೇ ಮಾಡಿ ತೋರಿಸಿದರು. ಮೊದಲು ಬೈಹುಲ್ಲಿನ ಹಗ್ಗ ಹೊಸೆಯಬೇಕು. ಹುಲ್ಲನ್ನು ಬುಡ ಕಟ್ಟಿ ವೃತ್ತಾಕಾರ ಹರಡಿ, ನಡುವೆ ಅಕ್ಕಿ ಸುರಿದು, ಮೇಲೆತ್ತಿ, ಹಗ್ಗ ಸುತ್ತುತ್ತಾ ಮರದ ಕೊಡತಿಯಲ್ಲಿ ತಟ್ಟುತ್ತಾ ಹೋಗಬೇಕು. ತಟ್ಟಿದಷ್ಟೂ ಬಿಗಿ, ಕೊನೆಗೆ ಉರುಳಿಸಿದರೂ ಒಂದು ಕಾಳು ಉದುರಬಾರದು. 14 ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ.

"ಹೊತ್ತುಕೊಂಡು ಹೋಗಿ ಧನಿಗಳ ಅಂಗಳದಲ್ಲಿ ಇಳಿಸುದು. ನಮ್ಮ ಮನೆಯಲ್ಲಿ ಆ ದಿನ ಗಂಜಿಗೆ ಅಕ್ಕಿ ಉಂಟಾ ಇಲ್ವಾ ಯಾರೂ ಕೇಳುದಿಲ್ಲ" ಅಂದರು.

"ಅಳತೆ ಸರಿ ಇರ್ತಿತ್ತಾ ಅತ್ತೆ?"

"ಸೇರು ಅವರದ್ದೇ ಅಲ್ವಾ ಮಗ!"

ನಮ್ಮ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದೂ ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆಯೇ. ಗೆರೆಯ ಆ ಕಡೆ ಈ ಕಡೆ ಕಾನೂನು ಬೇರೆ ಇದ್ದರೂ ಮೋಸದ ದಾರಿ ಒಂದೇ ಇತ್ತು ಅನ್ನಿ.

1974ರ ಮಾರ್ಚ್ 1ರಿಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು, ದೇವರಾಜ ಅರಸರ ಸರ್ಕಾರ. ಉಳುವ ಗದ್ದೆ ತಮ್ಮ ಹೆಸರಿಗಾಗಲಿ ಅಂತ ಭಾವನ ಅಜ್ಜ ಹೆದರಿ ಹೆದರಿ ಡಿಕ್ಲರೇಶನ್ ಕೊಟ್ಟರಂತೆ. ಧನಿಗಳ ಮನೆಯವರೂ ಅದೇ ದೇವಸ್ಥಾನಕ್ಕೆ ಬರುವವರು, ಎದುರು ಸಿಕ್ಕರೆ ಮುಖ ಹೇಗೆ ತೋರಿಸುವುದು ಅಂತ ಅಳುಕು. ಕೆಲವು ವರ್ಷ ಮಾತೇ ಇರಲಿಲ್ಲ. ಧನಿಗಳ ಮನೆಯಲ್ಲೂ ಕಷ್ಟ ಇತ್ತು, ಗೇಣಿ ಅಕ್ಕಿಯ ಮೇಲೆಯೇ ಬದುಕಿದ್ದ ವಿಧವೆಯೊಬ್ಬರು ಇದ್ದಕ್ಕಿದ್ದಂತೆ ಅಂಗಡಿ ಅಕ್ಕಿಗೆ ಇಳಿಯಬೇಕಾಯಿತು ಅಂತ ಅತ್ತೆಯೇ ಹೇಳಿದರು. ಈಗ ಎರಡೂ ಮನೆಯ ಮೊಮ್ಮಕ್ಕಳು ಬೆಂಗಳೂರಿನಲ್ಲಿ ಒಂದೇ ಕಂಪನಿಯಲ್ಲಿದ್ದಾರೆ.

ಸೋಮವಾರ, ಮಟ್ಟು

ಭಾವ ಕೆಲಸಕ್ಕೆ ಹೋದರು. ಅಕ್ಕನ ಜೊತೆ ಕಟಪಾಡಿಯಿಂದ ಮಟ್ಟು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ಮರಳು ಮಿಶ್ರಿತ ಗದ್ದೆ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಗುಳ್ಳ. ಸೋದೆ ಮಠದ ವಾದಿರಾಜರು ಬೀಜ ಕೊಟ್ಟರು ಎಂಬ ನಂಬಿಕೆ. ಉಡುಪಿಯ ಪರ್ಯಾಯಕ್ಕೆ ಹೊರೆಕಾಣಿಕೆಯಾಗಿ ಇಲ್ಲಿನ ಗುಳ್ಳ ಹೋಗುತ್ತದೆ.

ಬೆಳೆಗಾರರೊಬ್ಬರು ಕೊಯ್ದ ರಾಶಿಯ ಮುಂದೆ ಕೂತಿದ್ದರು. ತಿಳಿಹಸಿರು, ಮೈತುಂಬ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ಒಂದೊಂದನ್ನೇ ತಿರುಗಿಸಿ ನೋಡಿ, ಹುಳ ಬಿದ್ದದ್ದು ಬೇರೆ ಇಟ್ಟು, ಒಳ್ಳೆಯದಕ್ಕೆ ಸ್ಟಿಕ್ಕರ್ ಅಂಟಿಸುತ್ತಿದ್ದರು.

"ಬದನೆಕಾಯಿಗೆ ಯಾಕೆ ಅಣ್ಣ ಸ್ಟಿಕ್ಕರ್?" ಅಂದೆ.

"ಇಲ್ಲದಿದ್ದರೆ ಕಂಡಕಂಡದ್ದನ್ನೆಲ್ಲ ಮಟ್ಟುಗುಳ್ಳ ಅಂತ ಮಾರುತ್ತಾರೆ ಮಾರಾಯ್ರೆ!"

ಈ ಸ್ಟಿಕ್ಕರಿನ ಹಿಂದೆಯೂ ಒಪ್ಪಂದ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಶುರುವಾದಾಗ ಊರಿನ ಹೆಸರು ಹೊತ್ತ ಸರಕನ್ನು ಕಾನೂನಿನಲ್ಲಿ ಕಾಪಾಡಬೇಕು ಎಂಬ ಷರತ್ತಿಗೆ ಭಾರತವೂ ಒಪ್ಪಿತ್ತು. ಅದಕ್ಕಾಗಿ 1999ರಲ್ಲಿ ಭೌಗೋಳಿಕ ಸೂಚ್ಯಂಕದ ಕಾಯ್ದೆ ಮಾಡಿ 2003ರಲ್ಲಿ ಜಾರಿಗೆ ತಂದರು. ಮಟ್ಟುಗುಳ್ಳಕ್ಕೆ 2011ರಲ್ಲಿ ಆ ಮಾನ್ಯತೆ ಸಿಕ್ಕಿತು. ವಾದಿರಾಜರ ಬೀಜಕ್ಕೆ ಜಿನೀವಾದ ಕಾಗದ ಕಾವಲು!

ಅದಕ್ಕೂ ಮೊದಲು ಇನ್ನೊಂದು ಗಲಾಟೆ ಆಗಿತ್ತು. ಬಿಟಿ ಬದನೆ (ಕುಲಾಂತರಿ ಬದನೆ) ತಯಾರಿಗೆ ಬಳಸಿದ ಕರ್ನಾಟಕದ ತಳಿಗಳಲ್ಲಿ ಉಡುಪಿಯದ್ದೂ ಇತ್ತು. ಇಲ್ಲಿನ ರೈತರು ಸಿಟ್ಟಿಗೆದ್ದರು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿತು. ಊರಿನ ತಳಿಯನ್ನು ಕೇಳದೆ ತಗೊಂಡರು ಎಂಬ ದೂರು ಜೀವವೈವಿಧ್ಯ ಮಂಡಳಿಗೆ ಹೋಯಿತು. ಆ ದೂರಿಗೆ ಆಧಾರ 2002ರ ಜೀವವೈವಿಧ್ಯ ಕಾಯ್ದೆ, ಆ ಕಾಯ್ದೆಗೆ ಆಧಾರ 1992ರಲ್ಲಿ ರಿಯೊದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ. ಎಲ್ಲ ಸಹಿಯೂ ರೈತನ ತಟ್ಟೆಗೇ ಕೈ ಹಾಕುತ್ತದೆ ಅಂತ ಮಂಗಳೂರಿನಲ್ಲಿ ಅನ್ನಿಸಿತ್ತು. ಮಟ್ಟುವಿನಲ್ಲಿ ಆ ಮಾತು ಪೂರ್ತಿ ನಿಲ್ಲಲಿಲ್ಲ. ಕಾಗದ ಓದಬಲ್ಲ ಒಂದು ಸಂಘ ಊರಿನಲ್ಲಿದ್ದರೆ ಅದೇ ಸಹಿ ಗುಳ್ಳಕ್ಕೆ ಬೇಲಿಯೂ ಆಗುತ್ತದೆ.

ಬರುವಾಗ ಶಂಕರಪುರ. ಅಲ್ಲೂ ಮಲ್ಲಿಗೆಗೆ ಇದೇ ಮಾನ್ಯತೆ ಇದೆ. ಬಾಳೆನಾರಿನಲ್ಲಿ ಕಟ್ಟಿದ ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನಾ ಬೆಳಿಗ್ಗೆ ರೇಟು ಇಲ್ಲಿಂದಲೇ ಹೊರಡುತ್ತದೆ. ಕ್ರಿಶ್ಚಿಯನ್ ಮನೆಯಂಗಳದ ಗಿಡದ ಹೂ ದೇವಸ್ಥಾನಕ್ಕೂ ಮದುವೆ ಹಾಲಿಗೂ ಹೋಗುತ್ತದೆ. ಅಕ್ಕ ಹೂ ಮುಡಿದಳು. ರಾತ್ರಿ ಗುಳ್ಳದ ಬೋಳುಹುಳಿ.

ಮಂಗಳವಾರ, ಬಸ್ರೂರು

ಊರಿಗೆ ಹೋಗುವ ದಾರಿಯಲ್ಲಿ ಕುಂದಾಪುರದಲ್ಲಿ ಇಳಿದು ಬಸ್ರೂರಿಗೆ ಬಂದೆ. ವಾರಾಹಿ ದಡದ ಈ ಊರು ಒಂದು ಕಾಲದಲ್ಲಿ ಕರಾವಳಿಯ ದೊಡ್ಡ ಅಕ್ಕಿ ಬಂದರು. ಪೋರ್ಚುಗೀಸರು ಕೋಟೆ ಕಟ್ಟಿ ಕೂತರು, 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಎಬ್ಬಿಸಿದ, 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಲೂಟಿ ಮಾಡಿದ. ಎಲ್ಲರಿಗೂ ಬೇಕಾದ ಊರು. ಈಗ ನದಿಯಲ್ಲಿ ಮರಳು, ದಂಡೆಯಲ್ಲಿ ತೆಂಗು, ಮಹಾಲಿಂಗೇಶ್ವರ ದೇವಸ್ಥಾನದ ಮುಂದೆ ಒಂದೆರಡು ಕಾರು.

ಊರಿನ ಹೊರಗೆ ಗದ್ದೆಗಳು ಹಡೀಲು ಬಿದ್ದಿವೆ. ಸೊಂಟದೆತ್ತರ ಹುಲ್ಲು. ಭಾವನಿಗೆ ಫೋನ್ ಮಾಡಿದೆ. ಕೂಲಿಗೆ ಜನ ಇಲ್ಲ, ತುಂಡು ಗದ್ದೆಗೆ ಮೆಷಿನ್ ಇಳಿಯುವುದಿಲ್ಲ, ಹಂದಿ ನವಿಲು ಬಿಡುವುದಿಲ್ಲ, ರೇಷನ್ ಅಕ್ಕಿ ಸಿಗುತ್ತದೆ ಅಂತ ಪಟ್ಟಿ ಕೊಟ್ಟರು. ಇದರಲ್ಲಿ ಯಾವ ಒಪ್ಪಂದವೂ ಇಲ್ಲವಲ್ಲ ಭಾವ ಅಂದೆ. "ಮಕ್ಕಳೆಲ್ಲ ಗಲ್ಫಿನಲ್ಲಿ ಇದ್ದಾರಲ್ಲ, ವೀಸಾಕ್ಕೆ ಸಹಿ ಹಾಕಿದ್ದು ಲೆಕ್ಕ ಇಲ್ವಾ?" ಅಂದರು.

ಪೇಟೆಯ ದಿನಸಿ ಅಂಗಡಿಯಲ್ಲಿ ಕುಚಲಕ್ಕಿ ಕೇಳಿದೆ. ಚೀಲ ತೋರಿಸಿದರು. ಅಕ್ಕಿ ಇಲ್ಲಿಯ ಮಿಲ್ಲಿನದ್ದೇ, ಭತ್ತ ಮಾತ್ರ ಶಿವಮೊಗ್ಗ ಕಡೆಯದ್ದು ಅಂದರು. ಘಟ್ಟದ ಮೇಲಿಂದ ಬಂದವನು ಘಟ್ಟದ ಮೇಲಿನ ಭತ್ತವನ್ನೇ ಇಲ್ಲಿಂದ ಹೊತ್ತು ಹೋಗುವುದಾ?

"ಈ ಊರಿನ ಗದ್ದೆಯದ್ದು ಇಲ್ವಾ?"

"ಉಂಟು. ಅದು ಮಾರುವುದಕ್ಕಲ್ಲ, ನಾವೇ ಊಟ ಮಾಡುದು" ಅಂದರು ಅಂಗಡಿಯವರು. ಐದು ಕಿಲೋ ಶಿವಮೊಗ್ಗದ ಭತ್ತದ್ದೇ ಕಟ್ಟಿಸಿಕೊಂಡೆ.